ಹಳೆಯ ಕಣ್ಣಿನ ಬಣ್ಣ

"ನಮ್ಮ ಯಜಮಾನ್ರು ನನ್ನ ಕಣ್ಣಿಗೆ ಹೇಗೆ ಕಾಣ್ತಾರೋ, ಹಾಗೇ ಒಂದು ಫೋಟೋ ತೆಗೆದುಕೊಡ್ತೀಯೇನಮ್ಮ?"

ಔಷಧಿ ಅಂಗಡಿಯ ಮೇಲಿದ್ದ ಸ್ಟುಡಿಯೋಗೆ ಹದಿನೆಂಟು ಮೆಟ್ಟಿಲು ಹತ್ತಿ ಬಂದ ಹೆಂಗಸು ಉಸಿರು ಸುಧಾರಿಸಿಕೊಳ್ಳುವ ಮೊದಲೇ ಕೇಳಿದ ಮಾತು ಇದು. ಫೋಟೋದವಳು ಆಗ ಯಾರದೋ ಪಾಸ್‌ಪೋರ್ಟ್ ಫೋಟೋಗಳನ್ನು ಕತ್ತರಿಸುತ್ತಿದ್ದಳು. ಕತ್ತರಿ ಕೆಳಗಿಟ್ಟು ನಕ್ಕಳು.

"ಅದಕ್ಕೇನಂತೆ ಅಮ್ಮ, ಚೆನ್ನಾಗೇ ತೆಗೆಯೋಣ. ಒಂದು ಹತ್ತು ವರ್ಷ ಕಮ್ಮಿ ಮಾಡಿ ಕೊಡ್ತೀನಿ."

"ಚೆನ್ನಾಗಿ ಅಂತ ಯಾರು ಹೇಳಿದ್ರು? ವಯಸ್ಸು ಕಮ್ಮಿ ಮಾಡು ಅಂತ ಯಾರು ಕೇಳಿದ್ರು? ನನ್ನ ಕಣ್ಣಿಗೆ ಕಾಣೋ ಹಾಗೆ ಅಂದೆ."

ಕಿಟಕಿಯ ಪಕ್ಕದ ಮೇಜಿನಲ್ಲಿ ಫೋಟೋಗಳಿಗೆ ರಟ್ಟು ಕತ್ತರಿಸುತ್ತಿದ್ದ ಅಪ್ಪ ಕನ್ನಡಕ ಮೇಲೆತ್ತಿ ನೋಡಿದರು. ಎಪ್ಪತ್ತಾರರ ಅಪ್ಪ ಕ್ಯಾಮೆರಾವನ್ನು ಮಗಳ ಕೈಗೆ ಕೊಟ್ಟು ಹದಿನಾಲ್ಕು ವರ್ಷವಾಗಿತ್ತು. ಆದರೆ ತಮ್ಮ ಅಭಿಪ್ರಾಯಗಳನ್ನು ಇನ್ನೂ ಕೊಟ್ಟಿರಲಿಲ್ಲ, ಅವನ್ನು ತಾವೇ ಇಟ್ಟುಕೊಂಡು ದಿನವೂ ಬಳಸುತ್ತಿದ್ದರು. ಅವುಗಳಲ್ಲಿ ಮೊದಲನೆಯದು, ಮುಖ ಮುಖದ ಹಾಗಿರಬೇಕು ಎಂಬುದು. ಬಿಳಿ ಬಿಳಿಯಾಗಿರಬೇಕು, ನೆರಳು ನೆರಳಿನ ಜಾಗದಲ್ಲಿರಬೇಕು, ಫೋಟೋ ನೋಡಿದ ಅಧಿಕಾರಿ ಎದುರು ನಿಂತವನನ್ನು ಇವನೇ ಅವನು ಎಂದು ಒಪ್ಪಬೇಕು. ಬಣ್ಣದ ದೀಪ, ಬೇಕೆಂದೇ ಹೆಚ್ಚಿಸಿದ ಬೆಳಕು, ಮಸುಕು, ಇವೆಲ್ಲ ಅವರ ಲೆಕ್ಕದಲ್ಲಿ ಕೆಲಸ ಬಾರದವರು ಮಾಡುವ ಗಿಮಿಕ್ಕು. ಮಗಳಿಗೆ ಬಣ್ಣದ ಬೆಳಕೆಂದರೆ ಒಳಗೊಳಗೇ ಆಸೆ. ಆದರೆ ಬರುವವರೆಲ್ಲ ಬಿಳಿ ಪರದೆಯ ಮುಂದೆ ಎರಡೂ ಕಿವಿ ಕಾಣುವ ಹಾಗೆ ಕೂರುವವರು. ಕೂಡಿಟ್ಟ ಬಣ್ಣದ ಹಾಳೆಗಳ ಜೊತೆ ಆಸೆಯೂ ಡ್ರಾಯರಿನಲ್ಲೇ ಉಳಿದಿತ್ತು.

ಹೆಂಗಸು ಕುರ್ಚಿಯಲ್ಲಿ ಕೂತು ತನ್ನ ಕಥೆ ಹೇಳಿದಳು. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಬಣ್ಣ ಬೆರೆಸುವ ಕೆಲಸ. ಅಲ್ಲಿ ಅವಳನ್ನು ಬಣ್ಣದಮ್ಮ ಎಂದೇ ಕರೆಯುತ್ತಿದ್ದರು. ಗಿರಾಕಿ ಒಂದು ಚೂರು ಬಟ್ಟೆ ತಂದು 'ಇದೇ ಬಣ್ಣ ಬೇಕು' ಅಂದರೆ, ಯಂತ್ರ ಲೆಕ್ಕ ಹಾಕುವಷ್ಟರಲ್ಲಿ ಬಣ್ಣದಮ್ಮ ಕಣ್ಣಳತೆಯಲ್ಲೇ ಪಾಕ ಹೇಳಿಬಿಡುತ್ತಿದ್ದಳು. ಆರು ವರ್ಷದ ಹಿಂದೆ ಒಂದು ಶಾಲೆಯ ಸಮವಸ್ತ್ರಕ್ಕೆ ನೀಲಿ ಬೆರೆಸಿದಳು. ಹದಿನೇಳನೇ ನಂಬರಿನ ತೊಟ್ಟಿಯಿಂದ ತೆಗೆದ ನಲವತ್ತು ಥಾನು ಬಟ್ಟೆಯೂ ಅವಳ ಕಣ್ಣಿಗೆ ಮಾದರಿಯ ಹಾಗೇ ಇತ್ತು. ಉಳಿದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅದು ನೀಲಿಯಾಗಿರಲಿಲ್ಲ.

"ಪಾಚಿ ಬಿದ್ದ ನೀರಿನ ಹಾಗಿದೆ ಅಂತ ಕಿರಿಯವನೊಬ್ಬ ಬಾಯಿಬಿಟ್ಟು ಹೇಳ್ದ. ನಾನು ಅವನಿಗೇ ಬೈದೆ. ಆಮೇಲೆ ಗೊತ್ತಾಯ್ತು, ಕಣ್ಣಿಗೆ ಪೊರೆ ಬರ್ತಾ ಇದೆ ಅಂತ. ಮಾರನೇ ದಿನವೇ ಕೆಲಸ ಬಿಟ್ಟೆ. ಯಾರೂ ಬಿಡು ಅನ್ನಲಿಲ್ಲ. ನನಗೇ ಮುಖ ಎತ್ತೋಕಾಗಲಿಲ್ಲ."

ಈಗ ಪೊರೆ ಬಲಿತಿತ್ತು. ಬರುವ ತಿಂಗಳು ಆಪರೇಷನ್. ಪೊರೆ ತೆಗೆದ ಮೇಲೆ ಬಣ್ಣಗಳೆಲ್ಲ ಬೇರೆಯೇ ಕಾಣುತ್ತವೆ, ಈಗ ಕಾಣುವುದು ಮತ್ತೆ ಕಾಣುವುದಿಲ್ಲ ಎಂದು ಡಾಕ್ಟರು ಹೇಳಿದ್ದರು.

"ಕಾರ್ಖಾನೇಲಿ ಒಂದು ತೊಟ್ಟಿ ಖಾಲಿ ಮಾಡೋ ಮುಂಚೆ ಅದರ ಬಣ್ಣದ ಒಂದು ತುಂಡು ಬಟ್ಟೆ ತೆಗೆದಿಡ್ತೀವಿ, ಸರಿಯಿರಲಿ, ಕೆಟ್ಟಿರಲಿ. ಆರು ವರ್ಷ ನಾನು ಅವರನ್ನ ನೋಡಿದ್ದು ಈ ಬಣ್ಣದಲ್ಲಿ. ಒಂದು ತುಂಡು ಇಟ್ಟುಕೊಳ್ಳೋಣ ಅಂತ."

ಫೋಟೋದವಳು ಅಪ್ಪನ ಕಡೆ ನೋಡಲಿಲ್ಲ. "ಹೇಗೆ ಕಾಣ್ತಾರೆ ಹೇಳಿ" ಅಂದಳು. ಹಾಳೆ ಪೆನ್ನು ಎಳೆದುಕೊಂಡಳು.

"ಮೊದಲನೇದು, ಬಿಳಿ ಅನ್ನೋದೇ ಇಲ್ಲ. ಸುಣ್ಣದ ಗೋಡೆಗೂ ಜೇನು ಸವರಿದ ಹಾಗೆ. ಅವರ ತಲೆಕೂದಲು ಪೂರ್ತಿ ಹಣ್ಣಾಗಿದೆಯಂತೆ, ಜನ ಹೇಳ್ತಾರೆ. ನನಗೆ ಚಿನ್ನದ ನೀರು ಹಾಕಿದ ಹಾಗಿದೆ. ಕಿಟಕಿ ಮುಂದೆ ನಿಂತರೆ ಹೆಗಲು ಎಲ್ಲಿ ಮುಗೀತು, ಬೆಳಕು ಎಲ್ಲಿ ಶುರುವಾಯ್ತು, ಗೊತ್ತಾಗಲ್ಲ. ದೀಪದ ಸುತ್ತ ಒಂದು ಬಳೆ. ಮುಖದಲ್ಲಿ ಒಂದು ಗೆರೆ ಇಲ್ಲ. ಮೂಗಿದೆ, ಮೀಸೆಯಿದೆ. ನಗ್ತಿದ್ದಾರಾ ಇಲ್ವಾ ಅಂತ ದನಿ ಕೇಳಿ ತಿಳ್ಕೋಬೇಕು."

ಎರಡು ದಿನ ಬಿಟ್ಟು ಗಂಡನನ್ನು ಕರೆದುಕೊಂಡು ಬಂದಳು. ಆತ ಬೀಗ ರಿಪೇರಿ ಮಾಡುವವನು. ಪೇಟೆಯ ತಿರುವಿನಲ್ಲಿ ಒಂದು ಬಾಗಿಲಿನಷ್ಟು ಅಗಲದ ಅಂಗಡಿ. ಬೀಗದಯ್ಯ ಎಂದರೆ ಸುತ್ತಮುತ್ತ ಎಲ್ಲರಿಗೂ ಗೊತ್ತು. ಕುಳ್ಳಗೆ, ಬೆರಳ ತುದಿಯೆಲ್ಲ ಕಪ್ಪಾಗಿ, ಪೊದೆ ಮೀಸೆ ಹೊತ್ತ ಮನುಷ್ಯ. "ಯಾವ ಬೀಗ ಬೇಕಾದ್ರೂ ತೆಗೀತೀನಿ, ಇವಳು ಒಂದು ಹಟ ಹಿಡಿದ್ರೆ ಮಾತ್ರ ಯಾವ ಕೀಲಿನೂ ತಿರುಗಲ್ಲ" ಎಂದು ಸ್ಟೂಲಿನ ಮೇಲೆ ಕೂತ.

"ನೀಲಿ ಅಂಗಿನೇ ಹಾಕಿಸಿಕೊಂಡು ಬಂದಿದ್ದೀನಿ, ಅವರಿಗೆ ಒಪ್ಪುತ್ತೆ" ಅಂದಳು ಬಣ್ಣದಮ್ಮ.

ಫೋಟೋದವಳು ಅಂಗಿ ನೋಡಿದಳು. ನೀಲಿ ಎಂದು ಹೇಳುವ ಹಾಗಿರಲಿಲ್ಲ, ಹಸಿರೆಂದರೂ ಪೂರ್ತಿ ಸರಿಯಲ್ಲ. ಏನೋ ಹೇಳಲು ಬಾಯಿ ತೆರೆದವಳು ಬೀಗದಯ್ಯ ಹುಬ್ಬು ಎತ್ತಿದ್ದು ಕಂಡು ಸುಮ್ಮನಾದಳು.

ಕೆಲಸ ಶುರುವಾಯಿತು. ಹಳದಿ ಸೆಲ್ಲೋಫೇನ್ ಹಾಳೆಯನ್ನು ಲೆನ್ಸಿಗೆ ಕಟ್ಟಿ ತೆಗೆದರೆ ಫೋಟೋ ಎಂದಿನ ಹಾಗೇ ಬಂತು. ಹಳದಿ ಜಾಸ್ತಿಯಾಯಿತೆಂದು ಕ್ಯಾಮೆರಾ ತಾನಾಗಿಯೇ ತಿದ್ದಿಬಿಟ್ಟಿತ್ತು. ಇದಕ್ಕೂ ಅಪ್ಪನ ಬುದ್ಧಿಯೇ ಬಂದಿದೆ ಎಂದು ಗೊಣಗಿಕೊಂಡು, ಅದರ ಸ್ವಯಂಬುದ್ಧಿಯನ್ನು ಬಂದ್ ಮಾಡಿ, ಬಣ್ಣದ ಅಳತೆಯನ್ನು ತಾನೇ ಕಟ್ಟಿಹಾಕಿದಳು. ಈಗ ಹಳದಿ ಬಂತು. ಪ್ರಿಂಟು ತೆಗೆದು ಬಣ್ಣದಮ್ಮನ ಕೈಗೆ ಕೊಟ್ಟಳು.

"ಇಷ್ಟು ಹಳದಿಯಾ? ಕಾಮಾಲೆ ಹಿಡಿದವರ ಹಾಗಿದ್ದಾರೆ!"

ಕಡಿಮೆ ಮಾಡಿದಳು. ಇನ್ನೂ ಜಾಸ್ತಿ ಅಂದಳು. ಇನ್ನೂ ಕಡಿಮೆ ಮಾಡಿದಳು. ಬೆಳಕು ಇಳಿಸಿದಳು, ಮಸುಕು ತೆಗೆದಳು. ಹನ್ನೊಂದನೇ ಪ್ರಿಂಟಿಗೆ ಬಣ್ಣದಮ್ಮ ತೊಡೆ ತಟ್ಟಿಕೊಂಡಳು. "ಇದೇ! ಹೀಗೇ ಕಾಣೋದು ನನಗೆ. ಒಂದು ಕೂದಲೆಳೆ ಆಚೀಚೆ ಇಲ್ಲ."

ಫೋಟೋದವಳು ಆ ಪ್ರಿಂಟನ್ನು ತಿರುಗಿಸಿ ನೋಡಿದಳು. ಹಳದಿಯಿಲ್ಲ, ಮಸುಕಿಲ್ಲ, ಬಳೆಯಿಲ್ಲ. ಅಪ್ಪ ನಲವತ್ತು ವರ್ಷ ತೆಗೆದಂಥದೇ ಅಪ್ಪಟ ಸಾದಾ ಫೋಟೋ. ಕೂದಲು ಬೆಳ್ಳಗೆ, ಅಂಗಿ ಪಾಚಿಬಣ್ಣ, ಹಣೆಯ ಮೇಲೆ ಗೆರೆಗಳು. ಆರು ವರ್ಷದ ಜೇನು ಎಲ್ಲಿ ಹೋಯಿತು?

ಅಪ್ಪ ರಟ್ಟು ಕತ್ತರಿಸುತ್ತಲೇ, ತಲೆ ಎತ್ತದೆ ಅಂದರು. "ಆಯಮ್ಮ ಫೋಟೋನೂ ಅದೇ ಕಣ್ಣಲ್ಲಿ ತಾನೇ ನೋಡೋದು?"

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಫೋಟೋದವಳು ಹಣೆ ಚಚ್ಚಿಕೊಂಡಳು. ಸಾದಾ ಫೋಟೋ ನೋಡಿದರೂ ಬಣ್ಣದಮ್ಮನ ಪೊರೆ ಅದರ ಮೇಲೆ ತನ್ನ ಜೇನನ್ನು ಸುರಿಯುತ್ತದೆ. ಜೇನು ಬಳಿದ ಫೋಟೋ ತೋರಿಸಿದರೆ ಎರಡು ಪಟ್ಟು ಜೇನು. ಅವಳ ಕಣ್ಣಿಗೆ ಸರಿ ಎನಿಸುವುದು ಉಳಿದವರಿಗೆ ಸಾದಾ ಫೋಟೋ. ನಾಳೆ ಪೊರೆ ತೆಗೆದ ಮೇಲೆ ಅವಳಿಗೂ ಅದು ಸಾದಾ ಫೋಟೋವೇ.

"ಹಾಗಾದರೆ ಆಗಲ್ಲ ಅನ್ನು" ಅಂದಳು ಬಣ್ಣದಮ್ಮ. ಅವಳ ಹೆಗಲು ಇಳಿದವು. "ತುಂಡು ತೆಗೆಯೋದು ನಾನೇ, ಹೋಲಿಸಿ ನೋಡೋದೂ ನಾನೇ. ಅದೂ ಕೆಟ್ಟ ಕಣ್ಣಲ್ಲಿ. ಆವತ್ತು ನೀಲಿಗೆ ಆಗಿದ್ದೇ ಇವತ್ತೂ ಆಯ್ತು."

ಬೀಗದಯ್ಯ ಅವಳ ಚೀಲ ಎತ್ತಿಕೊಂಡ. ಇಬ್ಬರೂ ಬಾಗಿಲವರೆಗೆ ಹೋಗಿದ್ದರು.

"ಒಂದು ನಿಮಿಷ ಅಮ್ಮ. ಆಪರೇಷನ್ ಎರಡೂ ಕಣ್ಣಿಗೆ ಒಟ್ಟಿಗೇ ಮಾಡ್ತಾರಾ?"

"ಇಲ್ಲಮ್ಮ. ಮೊದಲು ಬಲಗಣ್ಣು. ನಾಲ್ಕು ವಾರ ಬಿಟ್ಟು ಎಡಗಣ್ಣು."

ಫೋಟೋದವಳ ಮುಖ ಅರಳಿತು. "ಹಾಗಿದ್ರೆ ನಾಲ್ಕು ವಾರ ನಿಮಗೆ ಒಂದು ಹಳೇ ಕಣ್ಣು, ಒಂದು ಹೊಸ ಕಣ್ಣು. ಯಜಮಾನ್ರನ್ನ ಹಳೇ ಕಣ್ಣಲ್ಲಿ ನೋಡಿ, ನನ್ನ ಫೋಟೋನ ಹೊಸ ಕಣ್ಣಲ್ಲಿ ನೋಡಿ. ಎರಡೂ ಒಂದೇ ಥರ ಕಾಣೋವರೆಗೂ ನಾನು ತೆಗೀತಾನೇ ಇರ್ತೀನಿ."

ಬಣ್ಣದಮ್ಮ ಒಂದು ಗಳಿಗೆ ಬಾಗಿಲಲ್ಲೇ ನಿಂತು ಯೋಚಿಸಿದಳು. ಒಂದು ಕೈಯಿಂದ ಎಡಗಣ್ಣು ಮುಚ್ಚಿದಳು, ಆಮೇಲೆ ಬಲಗಣ್ಣು ಮುಚ್ಚಿದಳು, ತಾಲೀಮು ಮಾಡುವವಳ ಹಾಗೆ. ಆಮೇಲೆ ಗಂಡನ ಕಡೆ ತಿರುಗಿ, "ಕೇಳಿದ್ರಾ? ಈ ಹುಡುಗಿಗೆ ತಲೆ ಇದೆ ಕಣ್ರೀ" ಅಂದಳು. ನಲವತ್ತೆರಡರ ಹುಡುಗಿ ಖುಷಿಯಿಂದ ಕೆಂಪಾದಳು.

ಆ ತಿಂಗಳೆಲ್ಲ ಫೋಟೋದವಳು ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಅಪ್ಪನನ್ನೇ ಸ್ಟೂಲಿನ ಮೇಲೆ ಕೂರಿಸಿ ಕೈ ಪಳಗಿಸಿಕೊಂಡಳು. ಕಿಟಕಿಯನ್ನು ಅಪ್ಪನ ಬೆನ್ನ ಹಿಂದೆ ಇಟ್ಟು, ಮುಖಕ್ಕೆ ಬೇಕಾದ ಬೆಳಕಿನ ಎರಡರಷ್ಟು ಒಳಗೆ ಬಿಟ್ಟಳು. ಹೆಗಲಂಚು ಕರಗಿತು. ನಾಲ್ಕರಷ್ಟು ಬಿಟ್ಟಳು. ಅಪ್ಪನೇ ಕರಗಿಹೋದರು. ಹಳೆಯ ಕಾಲುಚೀಲವೊಂದನ್ನು ಲೆನ್ಸಿನ ಮುಂದೆ ಎಳೆದು ಕಟ್ಟಿದರೆ ದೀಪದ ಸುತ್ತ ಬಳೆ ಹುಟ್ಟಿತು. ಗಾಜಿನ ತುಂಡಿನ ಅಂಚಿಗೆ ತೆಳುವಾಗಿ ವ್ಯಾಸಲೀನ್ ಸವರಿದರೆ ಮುಖದ ಗೆರೆಗಳು ಅಳಿದು, ಕಣ್ಣು ಹುಬ್ಬು ಮಾತ್ರ ಉಳಿದವು.

"ಈ ಫೋಟೋದಲ್ಲಿ ನನ್ನ ಮೂಗು ಎಲ್ಲಿ ಹೋಯ್ತು?" ಅಪ್ಪ ಪ್ರಿಂಟನ್ನು ದೂರ ಹಿಡಿದು ಕೇಳಿದರು.

"ಬೆಳಕಲ್ಲಿ ಕರಗಿದೆ ಅಪ್ಪ."

"ಎಪ್ಪತ್ತಾರು ವರ್ಷ ಜೋಪಾನ ಮಾಡಿದ ಮೂಗು ಕಣಮ್ಮ ಅದು."

ಹೀಗೆ ಗೊಣಗಿದರೂ ಮಾರನೇ ಮಧ್ಯಾಹ್ನ ಕರೆಯುವ ಮೊದಲೇ ಬಂದು ಕೂತರು, ಕ್ರಾಪು ಬಾಚಿಕೊಂಡು. ಮಗಳು ನೋಡಿಯೂ ನೋಡದವಳ ಹಾಗೆ ಇದ್ದಳು.

ಬಲಗಣ್ಣಿನ ಆಪರೇಷನ್ ಆಗಿ ಹತ್ತು ದಿನಕ್ಕೆ ಬೀಗದಯ್ಯ ಒಬ್ಬನೇ ಬಂದ. ಸ್ಟೂಲಿನ ಮೇಲೆ ಕೂತು ಬೆರಳು ನೆಟಿಗೆ ಮುರಿಯುತ್ತ ಮಾತು ಹುಡುಕಿದ.

"ಕಣ್ಣು ಚೆನ್ನಾಗಿ ಬಂದಿದೆ ಕಣಮ್ಮ. ಪಟ್ಟಿ ಬಿಚ್ಚಿದ ದಿನ ಆಕಾಶ ನೋಡಿ ಗಳಗಳ ಅತ್ತಳು. ಇಷ್ಟು ನೀಲಿ ಇತ್ತಾ, ಯಾರೂ ಹೇಳಲೇ ಇಲ್ವಲ್ಲ ಅಂತ. ಮನೆಗೆ ಬಂದು ಗೋಡೆ ಕೊಳಕು ಅಂದಳು, ಪರದೆ ಕೊಳಕು ಅಂದಳು. ಎಲ್ಲ ಆದಮೇಲೆ ನನ್ನ ಕಡೆ ತಿರುಗಿದಳು."

"ಏನಂದ್ರು?"

"'ಇದೇನ್ರೀ, ನನಗೆ ಗೊತ್ತಿಲ್ದೆ ಯಾವಾಗ ಮುದುಕರಾದಿರಿ?' ಅಂದಳು. ನಗ್ತಾನೇ ಅಂದಳು. ನಾನೂ ನಕ್ಕೆ." ಬೀಗದಯ್ಯ ಮೀಸೆ ಸವರಿಕೊಂಡ. "ಆವತ್ತಿಂದ ಅವಳ ಎಡಗಡೆಗೇ ಕೂರ್ತಾ ಇದ್ದೀನಿ. ಊಟಕ್ಕೆ, ಟಿವಿ ಮುಂದೆ, ಬಸ್ಸಲ್ಲಿ. ಹಳೇ ಕಣ್ಣು ಇರೋದು ಎಡಗಡೆ ತಾನೇ."

ಕಿಟಕಿ ಪಕ್ಕದಲ್ಲಿ ಅಪ್ಪ ಕೆಮ್ಮಿದರು. ಅದು ಕೆಮ್ಮಲ್ಲ, ನಗು ಎಂದು ಮಗಳಿಗೆ ಗೊತ್ತು.

"ನಾಳೆ ಬರ್ತೀವಿ. ಒಂದು ಮಾತು ಕೇಳೋಣ ಅಂತ ಮುಂಚೆ ಬಂದೆ. ಆ ಅಂಗಿ ಬಿಟ್ಟು ಬೇರೆ ಹಾಕ್ಕೋಬಹುದಾ?"

"ಬೇಡ ಯಜಮಾನ್ರೇ. ನೀಲಿ ಬಣ್ಣಗಳೇ ಆ ಕಣ್ಣಲ್ಲಿ ಹೆಚ್ಚು ಬದಲಾಗೋದು. ಮೊದಲ ಸಲ ತೆಗೆದ ಪ್ರಿಂಟುಗಳ ಜೊತೆ ಹೋಲಿಸಬೇಕಾದ್ರೆ ಅದೇ ಅಂಗಿ ಇರಬೇಕು."

"ನನ್ನನ್ನ ಅವಳು ಹಳೇ ಕಣ್ಣಲ್ಲೇ ನೋಡ್ತಾಳೆ ತಾನೇ?"

"ಹೌದು. ಹೊಸ ಕಣ್ಣು ಫೋಟೋಗೆ ಮಾತ್ರ."

"ಹಾಗಿದ್ರೆ ಸರಿ" ಎಂದು ಎದ್ದು ಹೋದ. ಅಂಗಿಯ ವಿಷಯದಲ್ಲಿ ಇಷ್ಟೇಕೆ ಚೌಕಾಸಿ ಎಂದು ಫೋಟೋದವಳಿಗೆ ಹೊಳೆಯಲಿಲ್ಲ.

ಮಾರನೇ ದಿನ ಬೆಳಗ್ಗೆ ಹತ್ತು ಗಂಟೆಗೆ, ಕಿಟಕಿಯ ಬೆಳಕು ಸ್ಥಿರವಾಗಿರುವ ಹೊತ್ತಿಗೆ, ಬಣ್ಣದಮ್ಮ ಕಾರ್ಖಾನೆಗೆ ಹೊರಟವಳ ಹಾಗೆ ತೋಳು ಮಡಚಿಕೊಂಡು ಬಂದಳು. ಬಲಗಣ್ಣು ತೊಳೆದ ಗಾಜಿನ ಹಾಗೆ ಹೊಳೆಯುತ್ತಿತ್ತು. ಎಡಗಣ್ಣಲ್ಲಿ ಹಾಲುಬೆರೆತ ಮಂಜು ಇನ್ನೂ ಹಾಗೇ ಇತ್ತು.

ಬೀಗದಯ್ಯನನ್ನು ಕಿಟಕಿಗೆ ಬೆನ್ನು ಮಾಡಿ ಕೂರಿಸಿದರು. ಅಲ್ಲಿಯವರೆಗೆ ಅಂಗಿ ಮುಚ್ಚುವ ಹಾಗೆ ಹೊದ್ದುಕೊಂಡಿದ್ದ ಶಾಲನ್ನು, ಬಣ್ಣದಮ್ಮ ಬಲಗಣ್ಣು ಮುಚ್ಚಿದ ಮೇಲಷ್ಟೇ ಅವನು ತೆಗೆದ. ಪಕ್ಕದಲ್ಲಿ ಒಂದು ದೀಪ. ಫೋಟೋದವಳು ತಿಂಗಳಿಡೀ ಕಲಿತದ್ದನ್ನೆಲ್ಲ ಒಟ್ಟು ಸೇರಿಸಿ ಮೊದಲ ಪ್ರಿಂಟು ತೆಗೆದಳು. ಬಣ್ಣದಮ್ಮ ಬಲಗಣ್ಣು ಮುಚ್ಚಿ ಗಂಡನನ್ನು ನೋಡಿದಳು, ಎಡಗಣ್ಣು ಮುಚ್ಚಿ ಪ್ರಿಂಟು ನೋಡಿದಳು. ಅವಳ ದನಿಯೇ ಬದಲಾಯಿತು.

"ಹಳದಿ ಸರಿಯಿಲ್ಲ, ಇದು ನಿಂಬೆ ಹಳದಿ. ಇದಕ್ಕೆ ಚೂರು ಕಂದು ಬೇಕು. ಟೀ ಡಿಕಾಕ್ಷನ್ ಒಂದು ಹನಿ ಬಿದ್ದ ಹಾಗೆ. ನೆರಳು ಕಪ್ಪಾಗಿದೆ. ನನ್ನ ಕಣ್ಣಲ್ಲಿ ಕಪ್ಪೂ ಇಲ್ಲ, ಅದೂ ಕಂದೇ."

ಫೋಟೋದವಳು ಡ್ರಾಯರನ್ನೇ ಎಳೆದು ತಂದು ಮೇಜಿನ ಮೇಲೆ ಸುರಿದಳು. ಎಷ್ಟೋ ವರ್ಷ ಆಸೆಗೆಂದು ಕೂಡಿಟ್ಟ ಬಣ್ಣದ ಹಾಳೆಗಳು. ಬಣ್ಣದಮ್ಮ ಒಂದೊಂದನ್ನೂ ಎತ್ತಿ ಕಿಟಕಿಗೆ ಹಿಡಿದು, ಎರಡನ್ನು ಒಂದರ ಮೇಲೊಂದು ಇಟ್ಟು, "ಇವೆರಡು ಹಾಕು" ಅಂದಳು. ಹಾಕಿದರೆ, ಬಂತು! ಕೂದಲು ಚಿನ್ನವಾಯಿತು, ಗೋಡೆ ಜೇನಾಯಿತು. ಬೆಳಕನ್ನು ಇನ್ನಷ್ಟು ತುಂಬಿದಾಗ ಹೆಗಲು ಕಿಟಕಿಯೊಳಕ್ಕೆ ಸೋರಿಹೋಯಿತು. ಐದನೇ ಪ್ರಿಂಟು, ಆರನೇ ಪ್ರಿಂಟು. ಬಣ್ಣದಮ್ಮನ ಕೈ ಈ ಕಣ್ಣಿಂದ ಆ ಕಣ್ಣಿಗೆ ಚಕಚಕನೆ ಹಾರುತ್ತಿತ್ತು. ಆ ಅವಸರದಲ್ಲಿ ಒಮ್ಮೆ ಕೈ ತಪ್ಪಿತು. ಎಡಗಣ್ಣು ಮುಚ್ಚಿಕೊಂಡೇ, ಹೊಸ ಕಣ್ಣಲ್ಲಿ, ಗಂಡನ ಕಡೆ ನೋಡಿದಳು.

ನೋಡಿದವಳು ಹಾಗೇ ನಿಂತಳು.

"ಎದ್ದೇಳಿ" ಅಂದಳು.

ಬೀಗದಯ್ಯ ಎದ್ದ. ಬಣ್ಣದಮ್ಮ ಅವನ ತೋಳು ಹಿಡಿದು ಕಿಟಕಿಯ ಹತ್ತಿರ ಎಳೆದೊಯ್ದಳು. ಅಂಗಿಯ ತೋಳನ್ನು ಬೆಳಕಿಗೆ ಹಿಡಿದು, ಹೆಬ್ಬೆರಳು ತೋರುಬೆರಳ ನಡುವೆ ಬಟ್ಟೆಯನ್ನು ಉಜ್ಜಿದಳು. ಅಂಚು ಮಡಚಿ ನೇಯ್ಗೆ ನೋಡಿದಳು.

"ಇದು ನನ್ನ ಹದಿನೇಳನೇ ತೊಟ್ಟಿ."

ಬೀಗದಯ್ಯ ತೋಳು ಬಿಡಿಸಿಕೊಳ್ಳಲು ನೋಡಿದ.

"ಆ ಶಾಲೆ ಬಟ್ಟೆ. ನಾನು ಕೆಡಿಸಿದ್ದು. ಹೌದಾ ಅಲ್ವಾ?"

"ಹೌದು."

"ನೀಲಿ ಅಂಗಿ ಅಂದ್ರಲ್ರೀ!"

"ನೀನು ನೀಲಿ ಅಂದೆ. ನಾನು ಹೂಂ ಅಂದೆ."

"ಆರು ವರ್ಷ!"

"ಬಟ್ಟೆ ಗಟ್ಟಿ ಇತ್ತು" ಅಂದ ಬೀಗದಯ್ಯ. ಆಮೇಲೆ ಅಷ್ಟಕ್ಕೆ ಬಿಟ್ಟರೆ ಆಗುವುದಿಲ್ಲ ಎಂದು ಅವಳ ಮುಖ ನೋಡಿ ತಿಳಿದ. "ನೀನು ಕೆಲಸ ಬಿಟ್ಟ ವಾರ, ನಿನ್ನ ಡಬ್ಬಿ, ಏಪ್ರನ್ನು ತರೋಕೆ ನಾನು ಹೋಗಿದ್ದೆನಲ್ಲ. ಆಗ ಹಿಂದಿನ ಅಂಗಳದಲ್ಲಿ ಆ ಥಾನುಗಳನ್ನ ಯಂತ್ರ ಒರೆಸೋ ಬಟ್ಟೆಗೆ ಅಂತ ಹರೀತಾ ಇದ್ರು. ಎರಡು ದಿನ ನಿಂತು ನೀನು ಮಾಡಿದ ಕೆಲಸ. ನೋಡೋಕಾಗಲಿಲ್ಲ. ಒಂದು ಥಾನು ಕೇಳಿ ತಗೊಂಡೆ."

"ಎಷ್ಟು ಅಂಗಿ ಹೊಲಿಸಿದ್ರಿ?"

"ಐದು. ಎರಡು ಹರಿದುಹೋದವು."

"ನನ್ನ ತಪ್ಪನ್ನ ಬೆನ್ನ ಮೇಲೆ ಹೊತ್ಕೊಂಡು ಊರೆಲ್ಲ ಮೆರವಣಿಗೆ ಮಾಡಿದ್ರಾ?"

"ತಪ್ಪು ಅಂತ ಊರಲ್ಲಿ ಯಾರಿಗೆ ಗೊತ್ತು? ಈ ಬಣ್ಣ ಎಲ್ಲಿ ಸಿಕ್ತು ಅಂತ ಇಬ್ಬರು ಕೇಳಿದ್ದಾರೆ. ನನ್ನ ಹೆಂಡತಿ ಬೆರೆಸಿದ್ದು ಅಂದೆ."

ಬಣ್ಣದಮ್ಮ ತೋಳು ಬಿಡಲಿಲ್ಲ. ಬೈಯಲು ಬಾಯಿ ತೆರೆದಳು, ಬೈಗುಳದ ಬದಲು ಅಳು ಬಂತು.

"ಅಳಬೇಡ, ಅಳಬೇಡ!" ಬೀಗದಯ್ಯ ಗಾಬರಿಯಾದ. "ಹೊಸ ಕಣ್ಣಿಗೆ ನೀರು ತಾಗಬಾರದು ಅಂದಿದ್ದಾರೆ ಡಾಕ್ಟ್ರು!"

"ಅದು ನಲ್ಲಿ ನೀರು. ಇದು ಒಳಗಿಂದ ಬರೋದು, ತಡೆಯೋಕಾಗತ್ತಾ?" ಎಂದು ಗದರಿಕೊಂಡೇ ಅತ್ತಳು.

ಅಪ್ಪ ಎದ್ದು, ಲೆನ್ಸು ಒರೆಸಲು ಇಟ್ಟಿದ್ದ ಹೊಸ ಹತ್ತಿಯ ಕಟ್ಟು ಬಿಚ್ಚಿ ತಂದು ಕೊಟ್ಟರು. ಫೋಟೋದವಳು ಕೈಯಲ್ಲಿ ಕ್ಯಾಮೆರಾ ಇದ್ದರೂ ಒತ್ತಲಿಲ್ಲ. ಕ್ಯಾಮೆರಾವನ್ನು ಮೇಜಿನ ಮೇಲಿಟ್ಟು ಎಲ್ಲರಿಗೂ ಟೀ ತರಲು ಕೆಳಗೆ ಹೋದಳು. ಹದಿನೆಂಟು ಮೆಟ್ಟಿಲನ್ನು ಬೇಕೆಂದೇ ನಿಧಾನವಾಗಿ ಇಳಿದಳು, ಟೀ ಹಿಡಿದು ಇನ್ನೂ ನಿಧಾನವಾಗಿ ಹತ್ತಿದಳು. ಬರುವಷ್ಟರಲ್ಲಿ ಬಣ್ಣದಮ್ಮ ಮೂಗು ಒರೆಸಿಕೊಂಡು ಪ್ರಿಂಟುಗಳನ್ನು ಸಾಲಾಗಿ ಜೋಡಿಸುತ್ತಿದ್ದಳು. ಬೀಗದಯ್ಯ ಸ್ಟೂಲಿನ ಮೇಲೆ ವಿಧೇಯನಾಗಿ ಕೂತಿದ್ದ.

"ಏಳನೇದು ತೆಗಿ" ಅಂದಳು ಬಣ್ಣದಮ್ಮ. "ಅಂಗಿ ಇನ್ನೂ ಸ್ವಲ್ಪ ಬೂದಿ ಕಡೆಗೆ ಹೋಗಬೇಕು. ಹಳೇ ಕಣ್ಣಲ್ಲಿ ಅದನ್ನ ನಾನು ನೀಲಿ ಅಂತಿದ್ದೆನಲ್ಲ, ನಿಜಕ್ಕೂ ಅದು ಬೂದಿ. ನೀಲಿ ಅಂತ ಮನಸ್ಸು ಹೇಳ್ತಿತ್ತು, ಅಷ್ಟೆ."

ಒಂಬತ್ತನೇ ಪ್ರಿಂಟಿಗೆ ಅವಳ ಕೈ ನಿಂತಿತು. ಹಳೆಯ ಕಣ್ಣಲ್ಲಿ ಗಂಡ, ಹೊಸ ಕಣ್ಣಲ್ಲಿ ಚಿತ್ರ. ಮೂರು ಸಲ ಅದಲು ಬದಲು ಮಾಡಿದಳು. ಕಾರ್ಖಾನೆಯಲ್ಲಿ ತೊಟ್ಟಿ ಒಪ್ಪಿಗೆಯಾದಾಗ ಮಾಡುತ್ತಿದ್ದ ಹಾಗೆ ಪ್ರಿಂಟಿನ ಮೂಲೆಗೆ ಪೆನ್ಸಿಲಿನಲ್ಲಿ ಒಂದು ಸರಿ ಗುರುತು ಹಾಕಿದಳು.

ಆ ಚಿತ್ರದಲ್ಲಿ ಒಬ್ಬ ಮನುಷ್ಯ ಬೆಳಕಿನೊಳಗೆ ಅರ್ಧ ಕರಗಿ ಕೂತಿದ್ದ. ಚಿನ್ನದ ಕೂದಲು, ಒಂದು ಗೆರೆಯಿಲ್ಲದ ಮುಖ, ಬದಿಯ ದೀಪದ ಸುತ್ತ ಬಳೆ. ಅವನು ನಗುತ್ತಿದ್ದಾನೋ ಇಲ್ಲವೋ ಹೇಳುವಂತಿರಲಿಲ್ಲ. ಅಪ್ಪ ಹಿಂದಿನಿಂದ ಬಂದು ಮಗಳ ಭುಜದ ಮೇಲಿಂದ ಬಗ್ಗಿ ಬಹಳ ಹೊತ್ತು ನೋಡಿದರು.

"ಅಧಿಕಾರಿ ಒಪ್ಪಲ್ಲ" ಅಂದರು. ಒಂದು ಕ್ಷಣ ಬಿಟ್ಟು, "ಆದರೆ ಇದು ಅಧಿಕಾರಿಗಲ್ಲವಲ್ಲ" ಎಂದು ಸೇರಿಸಿದರು. ಅವರ ಬಾಯಲ್ಲಿ ಅದು ದೊಡ್ಡ ಪ್ರಶಸ್ತಿ. ಮಗಳು ಬಗ್ಗಿ ವೈರು ಸುತ್ತುವ ನೆಪ ಮಾಡಿಕೊಂಡಳು.

"ಇನ್ನೊಂದು ತೆಗೀಬೇಕು" ಅಂದಳು ಬಣ್ಣದಮ್ಮ. "ಹೊಸ ಕಣ್ಣಿಂದು."

ಬೀಗದಯ್ಯನ ಮುಖ ಬಾಡಿತು. "ಅದೆಲ್ಲ ಯಾಕೆ?"

"ಒಂದು ತೊಟ್ಟಿದು ಇಟ್ಟು ಇನ್ನೊಂದರದ್ದು ಬಿಡೋಕಾಗತ್ತಾ? ಕೂತ್ಕೊಳ್ಳಿ."

ಇದು ಅಪ್ಪನ ಸೀಮೆ. ಕೇಳದೆಯೇ ಎದ್ದು ಬಂದು, ಕಾಲುಚೀಲ ಕಿತ್ತೆಸೆದು, ಸ್ಟೂಲನ್ನು ಕಿಟಕಿಗೆ ಓರೆಯಾಗಿ ತಿರುಗಿಸಿದರು. "ಬೆಳಕು ಒಂದೇ ಕಡೆಯಿಂದ ಬರಲಿ. ಅರ್ಧದಷ್ಟು ಇಳಿಸು. ಬಣ್ಣ ಸ್ವಲ್ಪ ನೀಲಿ ಕಡೆಗೆ ಬಿಡು, ಹೊಸ ಕಣ್ಣಿಗೆ ಎಲ್ಲ ಹಾಗೇ ತಣ್ಣಗೆ ಕಾಣ್ತಿರುತ್ತೆ, ಅಲ್ವೇನಮ್ಮ?" ಬಣ್ಣದಮ್ಮ ಹೌದೆಂದಳು. ಮಗಳು ಒತ್ತಿದಳು. ಒಂದೇ ಏಟಿಗೆ ಬಂತು. ಹಣೆಯ ಗೆರೆಗಳು, ಕಣ್ಣಂಚಿನ ಮಡಿಕೆಗಳು, ಮೀಸೆಯ ಒಂದೊಂದು ಬಿಳಿ ಕೂದಲೂ ಸೂಜಿಯಿಂದ ಕೊರೆದ ಹಾಗೆ.

ಬಣ್ಣದಮ್ಮ ಅದನ್ನು ಹೊಸ ಕಣ್ಣಿನ ಹತ್ತಿರ ಹಿಡಿದುಕೊಂಡಳು. ಬೀಗದಯ್ಯ ಬೇರೆ ಕಡೆ ನೋಡಿದ.

"ಈ ಎರಡು ಗೆರೆ ಮುಂಚೆಯಿಂದಲೂ ಇದ್ದವು" ಎಂದು ಉಗುರಲ್ಲಿ ತೋರಿಸಿದಳು. "ಬೀಗದೊಳಕ್ಕೆ ಇಣುಕಿ ಇಣುಕಿ ಬಂದದ್ದು. ಇದು ಯಾವಾಗ ಬಂತು? ಇದನ್ನ ನಾನು ನೋಡೇ ಇಲ್ಲ."

"ಯಾವುದು?"

"ಇಲ್ಲಿ, ಬಾಯಿ ಪಕ್ಕ."

ಬೀಗದಯ್ಯ ಬಗ್ಗಿ ನೋಡಿದ. "ಗೊತ್ತಿಲ್ಲ. ನಾನು ಎಲ್ಲಿ ಕನ್ನಡಿ ನೋಡ್ತೀನಿ?"

"ಚೆನ್ನಾಗಿದೆ" ಅಂದಳು. ಅದನ್ನೂ ಹಳೆಯದರ ಪಕ್ಕದಲ್ಲಿಟ್ಟು ಸರಿ ಗುರುತು ಹಾಕಿದಳು. ಹೋಗುವಾಗ ಬೀಗದಯ್ಯ ಅಭ್ಯಾಸದಂತೆ ಅವಳ ಎಡಕ್ಕೆ ಸರಿದ. ಅವಳು ಅವನ ತೋಳು ಹಿಡಿದು ಬಲಕ್ಕೆ ಎಳೆದುಕೊಂಡು ಮೆಟ್ಟಿಲಿಳಿದಳು.

ಎಡಗಣ್ಣಿನ ಆಪರೇಷನ್ನೂ ಮುಗಿದು ಒಂದೂವರೆ ತಿಂಗಳಾದ ಮೇಲೆ ಚೌಕಟ್ಟು ಹಾಕಿದ ಎರಡೂ ಚಿತ್ರಗಳನ್ನು ಒಯ್ಯಲು ಗಂಡ ಹೆಂಡತಿ ಬಂದರು. ಬಣ್ಣದಮ್ಮ ಬರುತ್ತಲೇ ಸುದ್ದಿ ಸುರಿದಳು. ಕಾರ್ಖಾನೆಗೆ ಹೋಗಿದ್ದಳಂತೆ, ಸುಮ್ಮನೆ ಮಾತಾಡಿಸಿಕೊಂಡು ಬರೋಣವೆಂದು. ಹಳಬರು ಕುರ್ಚಿ ಹಾಕಿ ಕೂರಿಸಿದರಂತೆ. ಒಣಗಲು ಹಾಕಿದ ಥಾನುಗಳ ನಡುವೆ ನಡೆಯುತ್ತ ಗುಲಾಬಿಯೊಂದು ಮಾದರಿಗಿಂತ ಕೆಂಪಾಗಿರುವುದನ್ನು ಕಂಡು ಸುಮ್ಮನಿರಲಾರದೆ ಹೇಳಿಬಿಟ್ಟಳಂತೆ.

"ಯಂತ್ರ ಸರಿಯಿದೆ ಅಂದಿತ್ತಂತೆ. ಮಾದರಿ ತಂದು ಪಕ್ಕದಲ್ಲಿ ಹಿಡಿದು ನೋಡಿದ್ರು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡ್ಕೊಂಡ್ರು. ಈ ಸಲ ತಪ್ಪು ನಂದಲ್ಲ!"

ಫೋಟೋದವಳು ಚೌಕಟ್ಟುಗಳ ಮೇಲಿನ ಕಾಗದ ಬಿಚ್ಚಿದಳು. ಜೇನಿನ ಬಣ್ಣದ ಬೀಗದಯ್ಯ ಹೊರಬಂದ. ಬಣ್ಣದಮ್ಮ ಎರಡೂ ಹೊಸ ಕಣ್ಣು ತೆರೆದು ನೋಡಿದಳು. ತಲೆ ಓರೆ ಮಾಡಿದಳು. ಚೌಕಟ್ಟನ್ನು ಕಿಟಕಿಯ ಬೆಳಕಿಗೆ ತಿರುಗಿಸಿದಳು.

"ಹೀಗೇ ಕಾಣ್ತಿದ್ರಾ?" ಕೊನೆಗೆ ಕೇಳಿದಳು. "ನನಗೆ ಮರೆತೇ ಹೋಗಿದೆಯಲ್ಲಮ್ಮ. ಎರಡೇ ತಿಂಗಳಲ್ಲಿ. ಜ್ಞಾಪಿಸಿಕೊಳ್ಳೋಕೆ ಹೋದರೆ ಈಗ ಕಾಣೋ ಮುಖವೇ ಬರುತ್ತೆ."

"ನೀವೇ ಹೋಲಿಸಿ ನೋಡಿ ಒಪ್ಪಿದ್ದು ಅಮ್ಮ."

ಬಣ್ಣದಮ್ಮ ಮೂಲೆಯ ಪೆನ್ಸಿಲ್ ಗುರುತನ್ನು ಹುಡುಕಿ ಬೆರಳಿಟ್ಟಳು. "ಹೌದು, ನನ್ನದೇ ಗುರುತು. ಹಾಗಿದ್ದರೆ ಹೀಗೇ ಇದ್ರು." ಆಮೇಲೆ ಚಿತ್ರವನ್ನು ಎದೆಗೆ ಒರಗಿಸಿಕೊಂಡು ಗಂಡನ ಕಡೆ ನೋಡಿದಳು. "ಏನ್ ಚೆನ್ನಾಗಿದ್ರಿ ಕಣ್ರೀ."

"ಈಗ?"

"ಈಗ ಪರವಾಗಿಲ್ಲ."

ಬೀಗದಯ್ಯ ನಕ್ಕ. ಆಮೇಲೆ ಗಂಟಲು ಸರಿ ಮಾಡಿಕೊಂಡು, ಮನೆಯಿಂದಲೇ ಯೋಚಿಸಿಕೊಂಡು ಬಂದಂತಿದ್ದ ಮಾತನ್ನು ತೆಗೆದ. "ಫೋಟೋದಮ್ಮ, ಈಗ ಇವಳದ್ದು ಒಂದು ತೆಗಿ. ನನ್ನ ಕಣ್ಣಿಗೆ ಕಾಣೋ ಹಾಗೆ."

"ನನ್ನದ್ಯಾಕೆ? ತಲೆ ಕೂಡ ಬಾಚಿಲ್ಲ" ಎಂದು ಬಣ್ಣದಮ್ಮ ಹಿಂದೆ ಸರಿಯುವಷ್ಟರಲ್ಲಿ ಅಪ್ಪ ಸ್ಟೂಲು ತಂದು ಇಟ್ಟಾಗಿತ್ತು. ಫೋಟೋದವಳು ದೀಪ ಹೊತ್ತಿಸಿದಳು, ಡ್ರಾಯರು ಎಳೆದಳು. ಯಾವ ಹಾಳೆ, ಎಷ್ಟು ಬೆಳಕು, ಮಸುಕು ಬೇಕೋ ಬೇಡವೋ?

"ಹೇಳಿ ಯಜಮಾನ್ರೇ. ನಿಮ್ಮ ಕಣ್ಣಿಗೆ ಹೇಗೆ ಕಾಣ್ತಾರೆ?"

ಬೀಗದಯ್ಯ ಹೆಂಡತಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಮೀಸೆ ಸವರಿದ. ಅವನಿಗೆ ಬಣ್ಣದ ಹೆಸರುಗಳು ಗೊತ್ತಿರಲಿಲ್ಲ, ಬೆಳಕಿನ ಮಾತು ಬರುತ್ತಿರಲಿಲ್ಲ.

"ಮುಖಕ್ಕೆ ಬೆಳಕು ಧಾರಾಳವಾಗಿ ಬಿಡು" ಅಂದ. ಇನ್ನಷ್ಟು ಯೋಚಿಸಿದ. "ಮತ್ತೆ, ಸ್ವಲ್ಪ ಕೋಪ ಇರಲಿ."

"ಏನಂದ್ರಿ?" ಬಣ್ಣದಮ್ಮ ಸ್ಟೂಲಿನ ಮೇಲೆ ನೆಟ್ಟಗಾದಳು, ಎರಡೂ ಕಣ್ಣು ಫಳಕ್ಕನೆ ಹೊಳೆದವು. ಫೋಟೋದವಳು ಒತ್ತಿದಳು.